ಹಳೆಯ ಫೋರ್ ಬೈ ಫೋರ್: ಯಾವುದನ್ನು ರಿಪೇರಿ ಮಾಡಬೇಕು, ಯಾವುದನ್ನು ಬದಲಿಸಬೇಕು?

ಹಳೆಯ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್‌ನ ಬಲ ಹೋಗುವ ಗಾಡಿ, ಮನೆಗೆ ಬಂದ ಮೊದಲ ವಾರ ಯಾರೂ ಗ್ರೀಸ್ ಗನ್ ಕೊಳ್ಳುವುದಿಲ್ಲ. ರಾತ್ರಿ ಕೂತು ದೊಡ್ಡ ಟೈರ್, ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ನೋಡುತ್ತಿರುತ್ತಾರೆ. ನಾನೂ ಅದನ್ನೇ ಮಾಡಿದವನು, ಆಡಿಕೊಳ್ಳುವ ಹಕ್ಕು ನನಗಿಲ್ಲ. ಕೈ ಸುಟ್ಟುಕೊಂಡ ಮೇಲೆ ಒಂದು ಅಭ್ಯಾಸ ಬಂತು. ಗಾಡಿಗೆ ಏನೇ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಒಂದು, ಇದು ಕೆಟ್ಟರೆ ಹೇಗೆ ಕೆಡುತ್ತದೆ? ಮುಂಚೆಯೇ ಸದ್ದು ಮಾಡಿ ಎಚ್ಚರಿಸುತ್ತದೋ, ಕಾಡಿನ ನಡುವೆ ಒಮ್ಮೆಲೇ ಕೈಕೊಡುತ್ತದೋ? ಎರಡು, ಇದನ್ನು ಹಾಕಿದರೆ ಇದರ ಬಾಲ ಹಿಡಿದುಕೊಂಡು ಇನ್ನೇನೇನು ಬರುತ್ತದೆ? ಕೆಳಗಿನ ಹೋಲಿಕೆಗಳೆಲ್ಲ ಈ ಎರಡರ ಮೇಲೇ ನಿಂತಿವೆ.

ನಾನು ಹೇಳುತ್ತಿರುವುದು ಏಣಿಯಂಥ ಚಾಸಿ (ಗಾಡಿಯ ಅಸ್ಥಿಪಂಜರ), ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಕಟ್ಟು), ಮುಂದೆಯೂ ಗಟ್ಟಿ ಆಕ್ಸಲ್ (ಎರಡು ಚಕ್ರ ಸೇರಿಸುವ ಒಂದೇ ಅಚ್ಚು) ಇರುವ ಗಾಡಿಗಳ ಬಗ್ಗೆ: ಜೀಪ್ ಸಿಜೆ, ಲ್ಯಾಂಡ್ ರೋವರ್ ಸೀರೀಸ್, ಟೊಯೋಟಾ ಲ್ಯಾಂಡ್ ಕ್ರೂಸರ್ 40, ಗಟ್ಟಿ ಆಕ್ಸಲ್‌ನ ಹಳೆಯ ಹೈಲಕ್ಸ್, ಈ ಜಾತಿಯವು. ಕಾಯಿಲ್ ಸ್ಪ್ರಿಂಗ್ ಗಾಡಿಗಳಿಗೆ ಸ್ಪ್ರಿಂಗ್ ಭಾಗ ಬಿಟ್ಟು ಉಳಿದದ್ದು ಬಹುಪಾಲು ಹೊಂದುತ್ತದೆ.

ಮೊದಲು ಅಲ್ಲಾಡುವುದನ್ನು ಹುಡುಕಿ

ನನ್ನ ಗಾಡಿ ಗಂಟೆಗೆ 60 ಕಿ.ಮೀ. ದಾಟುತ್ತಿದ್ದಂತೆ, ಸಣ್ಣ ಗುಂಡಿ ಸಿಕ್ಕರೆ ಸಾಕು, ಮುಂದಿನ ಚಕ್ರಗಳು ಜ್ವರ ಬಂದವರಂತೆ ನಡುಗುತ್ತಿದ್ದವು. ಸ್ಟೀರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಸ್ಟೀರಿಂಗ್ ಡ್ಯಾಂಪರ್ (ನಡುಕ ಹೀರುವ ಶಾಕ್ ಅಬ್ಸಾರ್ಬರ್) ಹಾಕಿದರೆ ಹೋಗುತ್ತದೆ ಎಂದರು, ಹಾಕಿದೆ. ಎರಡು ತಿಂಗಳು ತಣ್ಣಗಿತ್ತು. ಆಮೇಲೆ ಮೊದಲಿಗಿಂತ ಜೋರಾಗಿ ಬಂತು.

ಕೊನೆಗೆ ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಟೈರನ್ನು ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್ ಎಂದಿತು. ಹೀಗಾದಾಗ ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ, ಮತ್ತೆ ಅಲ್ಲಾಡಿಸಬೇಕು. ಬ್ರೇಕ್ ಒತ್ತಿದ ಕೂಡಲೇ ಆಟ (ಸಡಿಲಿಕೆ) ಮಾಯವಾದರೆ ತಪ್ಪು ವೀಲ್ ಬೇರಿಂಗ್‌ನದು. ಹಾಗೇ ಉಳಿದರೆ ಕಿಂಗ್ ಪಿನ್‌ನದು, ಅಂದರೆ ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನದು. ನನ್ನದು ಉಳಿಯಿತು. ಬಿಚ್ಚಿ ನೋಡಿದರೆ ಕಿಂಗ್ ಪಿನ್ ಬೇರಿಂಗ್‌ನ ಹೊರ ಉಂಗುರದ ಮೇಲೆ ರೋಲರ್‌ಗಳು ಒಂದೇ ಜಾಗದಲ್ಲಿ ಕೂತು ಕೂತು ಉಗುರಿನಿಂದ ಗೀರಿದಂಥ ಗುರುತುಗಳು ಸಾಲಾಗಿ ಮೂಡಿದ್ದವು. ಗ್ರೀಸ್ ಇರಬೇಕಾದಲ್ಲಿ ಇಟ್ಟಿಗೆ ಬಣ್ಣದ ಪುಡಿ. ಹೊಸ ಬೇರಿಂಗ್ ಹಾಕಿ, ಶಿಮ್ (ತೆಳ್ಳನೆಯ ತಗಡು) ಕೂರಿಸಿ, ಕೈಪಿಡಿ ಹೇಳಿದಷ್ಟು ಬಿಗಿ ಇದೆಯೇ ಎಂದು ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡಿದ ಮೇಲೆ ನಡುಕ ನಿಂತಿತು. ಡ್ಯಾಂಪರ್ ಇನ್ನೂ ಗಾಡಿಯಲ್ಲೇ ಇದೆ, ಸಾಕ್ಷಿಗೆ.

ಹಾಗಾಗಿ ರಿಪೇರಿಯೋ ಬದಲಾವಣೆಯೋ ಎಂಬ ಮೊದಲ ಹೋಲಿಕೆಯಲ್ಲಿ ನನ್ನ ಓಟು ಪ್ರತಿ ಸಲವೂ ರಿಪೇರಿಗೆ. ಚಕ್ರ ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಎಡಬಲ ಆಡಿಸಲಿ, ನೀವು ಕೆಳಗೆ ಮಲಗಿ ನೋಡಿ. ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ (ಸ್ಟೀರಿಂಗ್‌ನ ಕೀಲು, ಸರಳುಗಳು), ಸ್ಪ್ರಿಂಗ್ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯಾದ ಶ್ಯಾಕಲ್‌ನ ಬುಷ್, ಸ್ಟೀರಿಂಗ್ ಬಾಕ್ಸಿನ ಬೋಲ್ಟು, ಯಾವುದು ಸಡಿಲವೋ ಅದು ತಾನೇ ಮೈ ಕುಣಿಸಿ ತೋರಿಸುತ್ತದೆ. ಗಾಡಿ ಎತ್ತಬೇಕಾದ ಕೆಲಸವಾದರೆ ಬರೀ ಜ್ಯಾಕ್ ನಂಬಿ ಅಡಿಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಆ ಕೆಲಸ ಬೇಡ.

ತುಕ್ಕು: ಬಳಿಯುವುದೋ, ಕತ್ತರಿಸುವುದೋ

ಇಲ್ಲಿ ತೀರ್ಪು ಕೊಡುವುದು ಸ್ಕ್ರೂಡ್ರೈವರ್. ಚಾಸಿಯನ್ನು ಅದರ ತುದಿಯಿಂದ ಚುಚ್ಚುತ್ತಾ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಗಂಟೆಯಂತೆ ಕೇಳಿಸುತ್ತದೆ, ತಿಂದುಹೋದದ್ದು ದಪ್ ಎನ್ನುತ್ತದೆ. ಮೇಲ್ಮೈಯ ತುಕ್ಕಾದರೆ ವೈರ್ ಬ್ರಷ್ ಹೊಡೆದು ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ), ಅದರ ಮೇಲೆ ಪ್ರೈಮರ್, ಬಣ್ಣ. ಸ್ಕ್ರೂಡ್ರೈವರ್ ಒಳಗಿಳಿದರೆ ಕನ್ವರ್ಟರ್ ಬಳಿಯುವುದು ಹೆಣಕ್ಕೆ ಪೌಡರ್ ಹಚ್ಚಿದಂತೆ. ಕತ್ತರಿಸಿ, ಗಟ್ಟಿ ಕಬ್ಬಿಣ ಸಿಗುವವರೆಗೆ ಹೋಗಿ, ಹೊಸ ತಗಡು ಬೆಸುಗೆ ಹಾಕಲೇಬೇಕು.

ಪೆಟ್ಟಿಗೆಯಂತೆ ಮುಚ್ಚಿದ ಚಾಸಿ ಒಳಗಿನಿಂದ ಕೊಳೆಯುತ್ತದೆ, ಹೊರಗೆ ಬಣ್ಣ ಚೆನ್ನಾಗೇ ಇರುತ್ತದೆ. ಶ್ಯಾಕಲ್ ಕೂರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಮಣ್ಣು ಸಿಕ್ಕಿಕೊಳ್ಳುವ ಮೂಲೆಗಳನ್ನು ಬಿಡದೆ ನೋಡಿ. ಫ್ಲೋರಿನ ತಗಡನ್ನು ಬೆಸುಗೆ ಕಲಿಯುತ್ತಲೇ ಮನೆಯಲ್ಲಿ ಹಾಕಬಹುದು. ಸ್ಪ್ರಿಂಗ್ ಹಿಡಿದಿರುವ ಚಾಸಿಯ ತುಂಡನ್ನು ಮಾತ್ರ ಪಳಗಿದ ಕೈಗೆ ಕೊಡಿ. ಬೆಸುಗೆಗೆ ಮುಂಚೆ ಬ್ಯಾಟರಿ ಕಳಚುವುದು, ಪೆಟ್ರೋಲ್ ಟ್ಯಾಂಕನ್ನೂ ಪೈಪನ್ನೂ ದೂರ ಮಾಡುವುದು ಮರೆಯುವ ವಿಷಯವಲ್ಲ.

ಟೈರ್: 31 ಇಂಚೋ, 33 ಇಂಚೋ

ಬಾಲ ಅತಿ ಉದ್ದ ಇರುವುದು ಇದಕ್ಕೆ. ಲೆಕ್ಕ ಹಾಕಿಯೇ ನೋಡೋಣ. 235/75 ಆರ್ 15 ಅಂದರೆ ಸುಮಾರು 28.9 ಇಂಚು ಎತ್ತರದ ಟೈರ್. ಆಕ್ಸಲ್‌ನ ಗೇರ್ ಅನುಪಾತ 4.11 ಎಂದಿಟ್ಟುಕೊಳ್ಳಿ, ಅಂದರೆ ಎಂಜಿನ್‌ನ ಬಲ ತರುವ ಶಾಫ್ಟ್ 4.11 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 33 ಇಂಚಿನ ಟೈರ್ ಹಾಕಿದರೆ ಚಕ್ರ ಶೇಕಡಾ 14ರಷ್ಟು ದೊಡ್ಡದಾಯಿತು. ಎಂಜಿನ್ ಪಾಲಿಗೆ 4.11 ಈಗ 3.60 ಇದ್ದಂತೆ. ಮೊದಲೇ ದಮ್ಮು ಕಮ್ಮಿ ಇರುವ ಹಳೆಯ ಎಂಜಿನ್, ಏರಿನಲ್ಲಿ ಒಂದು ಗೇರ್ ಕೆಳಗೇ ಓಡಬೇಕು. ಹಳೆಯ ಎಳೆತ ವಾಪಸ್ ಬೇಕೆಂದರೆ ಅನುಪಾತ 4.69ರ ಹತ್ತಿರ ಇರಬೇಕು, ಅಂದರೆ ಮುಂದೆ ಹಿಂದೆ ಎರಡೂ ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಗೇರ್ ಜೋಡಿ) ಬದಲು. ಒಂದನ್ನೇ ಬದಲಿಸಿ ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಏನನ್ನಾದರೂ ಮುರಿಯುತ್ತವೆ. ಮೀಟರ್ 60 ತೋರಿಸುವಾಗ ಗಾಡಿ 68ರ ಮೇಲೆ ಓಡುತ್ತಿರುತ್ತದೆ. ಚಕ್ರದ ತ್ರಿಜ್ಯ ಹೆಚ್ಚಾದಷ್ಟೂ ಅದೇ ಪೆಡಲ್ ಒತ್ತಡಕ್ಕೆ ನೆಲದ ಮೇಲೆ ಸಿಗುವ ಬ್ರೇಕ್ ಕಡಿಮೆ. ವೀಲ್ ಬೇರಿಂಗ್, ಆಕ್ಸಲ್ ಶಾಫ್ಟ್, ಸ್ಟೀರಿಂಗ್, ಎಲ್ಲದರ ಮೇಲೂ ಭಾರ. ಇಷ್ಟೆಲ್ಲಾ ಮಾಡಿ ಆಕ್ಸಲ್ ಅಡಿಯಲ್ಲಿ ಗಳಿಸಿದ್ದು ವ್ಯತ್ಯಾಸದ ಅರ್ಧ, ಸುಮಾರು ಎರಡು ಇಂಚು.

31 ಇಂಚಿನಲ್ಲಿ ಗಳಿಕೆ ಒಂದೇ ಇಂಚು. ಆದರೆ 4.11 ಇಳಿಯುವುದು 3.83ಕ್ಕೆ, ಮೀಟರ್ 60 ಅಂದರೆ ನಿಜಕ್ಕೆ 64. ಗೇರ್ ಮುಟ್ಟದೆ ಬದುಕಬಹುದು, ಬಹಳ ಸಲ ಲಿಫ್ಟ್ ಕೂಡ ಬೇಡ. ಮನೆಯಲ್ಲೇ ಕೆಲಸ ಮಾಡಿಕೊಳ್ಳುವವರಿಗೆ, ಅದೇ ಗಾಡಿಯಲ್ಲಿ ದಿನವೂ ಓಡಾಡುವವರಿಗೆ, ನಾನು 31 ಎಂದೇ ಹೇಳುವುದು. 33 ಬೇಕೇ ಬೇಕು ಎನ್ನುವವರು ಗೇರ್, ಬ್ರೇಕ್, ಸ್ಪ್ರಿಂಗ್ ಮೂರನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಂಡು ಶುರು ಮಾಡಲಿ. ಕ್ರೌನ್ ಪಿನಿಯನ್ ಕೂರಿಸಲು ಡಯಲ್ ಗೇಜ್, ಹಲ್ಲಿನ ಗುರುತು ಓದುವ ಕಣ್ಣು, ಪಿನಿಯನ್ ಬೇರಿಂಗ್ ಎಷ್ಟು ಬಿಗಿ ಎಂಬ ಅಂದಾಜು ಎಲ್ಲ ಬೇಕು. ಮೊದಲ ಸಲಕ್ಕೆ ಇದು ಅಂಗಳದ ಕೆಲಸವಲ್ಲ. ಗುಜರಿಯಲ್ಲಿ ಬೇಕಾದ ಅನುಪಾತದ ಇಡೀ ಆಕ್ಸಲ್ ಜೋಡಿ ಸಿಕ್ಕರೆ, ಅದನ್ನು ಬದಲಿಸುವುದು ಬೆನ್ನು ಮುರಿಯುವ ಕೆಲಸವಾದರೂ ತಲೆ ಕೆಡುವ ಕೆಲಸವಲ್ಲ.

ಗಾಳಿ ಇಳಿಸುವುದನ್ನು ಯಾರೂ ಅಪ್‌ಗ್ರೇಡ್ ಎನ್ನುವುದಿಲ್ಲ. ಮರಳಿನಲ್ಲಿ ಟೈರಿನ ಒತ್ತಡವನ್ನು 35 ಪಿಎಸ್‌ಐನಿಂದ 18ಕ್ಕೆ ಇಳಿಸಿ ನೋಡಿ, ಟೈರ್ ನೆಲಕ್ಕೆ ಉದ್ದಕ್ಕೆ ಅಂಟಿಕೊಂಡು ಹೂತಿದ್ದ ಗಾಡಿ ತಾನೇ ಎದ್ದು ಬರುತ್ತದೆ. ಡಾಂಬರು ಸಿಕ್ಕ ಮೇಲೆ ಮತ್ತೆ ತುಂಬಲು ಒಂದು ಪಂಪ್ ಇದ್ದರಾಯಿತು.

ಎತ್ತರ ಎಲ್ಲಿಂದ ತರುವುದು

ಲೀಫ್ ಸ್ಪ್ರಿಂಗ್ ಗಾಡಿಗೆ ಎತ್ತರ ಕೊಡಲು ದಾರಿ ಹಲವು, ಮರ್ಯಾದೆ ಎಲ್ಲದಕ್ಕೂ ಒಂದೇ ಅಲ್ಲ.

ಎಲ್ಲರೂ ಮೊದಲು ಹೋಗುವುದು ಉದ್ದನೆಯ ಶ್ಯಾಕಲ್‌ಗೆ. ಒಂದು ಇಂಚು ಎತ್ತರ ಬೇಕೆಂದರೆ ಶ್ಯಾಕಲ್ ಎರಡು ಇಂಚು ಉದ್ದವಾಗಬೇಕು, ಸ್ಪ್ರಿಂಗ್‌ನ ಒಂದೇ ತುದಿ ತಾನೇ ಎದ್ದದ್ದು. ಜತೆಗೆ ಆಕ್ಸಲ್ ತಿರುಗಿಕೊಂಡು ಮುಂದಿನ ಚಕ್ರದ ಕ್ಯಾಸ್ಟರ್ ಕೋನ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವಷ್ಟು) ಬದಲಾಗುತ್ತದೆ. ಕ್ಯಾಸ್ಟರ್ ಕಡಿಮೆಯಾಯಿತೋ, ಸ್ಟೀರಿಂಗ್ ನೇರಕ್ಕೆ ವಾಪಸ್ ಬರುವುದಿಲ್ಲ, ರಸ್ತೆಯಲ್ಲಿ ಗಾಡಿ ಅಲೆಯುತ್ತದೆ. ನನಗೆ ಇದು ಬೇಡ.

ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಡುವುದು ಇನ್ನೊಂದು. ಹಿಂದಿನ ಆಕ್ಸಲ್‌ಗೆ ಚಿಕ್ಕ ಬ್ಲಾಕ್ ಪರವಾಗಿಲ್ಲ, ಕಾರ್ಖಾನೆಯಿಂದಲೇ ಹಾಗೆ ಬರುವ ಗಾಡಿಗಳಿವೆ. ಮುಂದಿನ ಆಕ್ಸಲ್‌ಗೆ ಯಾವತ್ತೂ ಬೇಡ. ಜೋರಾಗಿ ಬ್ರೇಕ್ ಒತ್ತಿದಾಗ ಬ್ಲಾಕ್ ಜಾರಿದರೆ ಸ್ಟೀರಿಂಗ್ ನಿಮ್ಮದಲ್ಲ. ಇದು ಎಚ್ಚರಿಸದೆ ಕೆಡುವ ಜಾತಿ.

ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದು ಅಗ್ಗದ ದಾರಿ, ಮನೆಯಲ್ಲಿ ಒಂದು ದಿನದ ಕೆಲಸ. ಎತ್ತರ ಬರುತ್ತದೆ, ಭಾರ ಹೊರುವ ಶಕ್ತಿಯೂ ಬರುತ್ತದೆ, ಆದರೆ ಖಾಲಿ ಗಾಡಿ ಗಾಡಿಯಂತಲ್ಲ, ಕಟ್ಟಿಗೆಯಂತೆ ಕುಪ್ಪಳಿಸುತ್ತದೆ. ಸದಾ ಸಾಮಾನು ತುಂಬಿಕೊಂಡು ಹೋಗುವವರಿಗೆ ಸರಿ. ಮೂವತ್ತು ವರ್ಷ ಭಾರ ಹೊತ್ತು ಬಾಗಿದ ಪಟ್ಟಿಗಳ ನಡುವೆ ಒಂದು ಹೊಸದನ್ನು ತುರುಕಿದರೆ ಎಲ್ಲ ಕೆಲಸ ಅದೊಂದರ ಹೆಗಲಿಗೇ ಬೀಳುತ್ತದೆ ಎಂಬುದೂ ನೆನಪಿರಲಿ.

ಬಾಡಿ ಲಿಫ್ಟ್‌ನಲ್ಲಿ ಚಾಸಿ ಇದ್ದಲ್ಲೇ ಇರುತ್ತದೆ, ಬಾಡಿ ಮಾತ್ರ ಮೇಲೇಳುತ್ತದೆ. ಒಂದು ಇಂಚಿನಷ್ಟಾದರೆ ಟೈರಿಗೆ ಜಾಗ ಮಾಡಲು ಅದು ಜಾಣತನ, ಶಾಫ್ಟ್‌ಗಳ ಕೋನ ಯಾವುದೂ ಕೆಡುವುದಿಲ್ಲ. ಮೂರು ಇಂಚಾದರೆ ಗೇರ್ ಲಿವರ್, ರೇಡಿಯೇಟರ್ ಹೋಸ್, ಸ್ಟೀರಿಂಗ್ ಕಾಲಂ ಎಲ್ಲ ತಕರಾರು ತೆಗೆಯುತ್ತವೆ.

ಸ್ಪ್ರಿಂಗನ್ನು ಆಕ್ಸಲ್ ಕೆಳಗಿನಿಂದ ಮೇಲಕ್ಕೆ ತರುವವರೂ ಇದ್ದಾರೆ. ಐದಾರು ಇಂಚು ಸಿಗುತ್ತದೆ. ಪ್ರೊಪೆಲ್ಲರ್ ಶಾಫ್ಟ್, ಸ್ಟೀರಿಂಗ್, ಬ್ರೇಕ್ ಹೋಸ್ ಎಲ್ಲ ಹೊಸದು, ಆಕ್ಸಲರೇಟರ್ ಒತ್ತಿದರೆ ಸ್ಪ್ರಿಂಗ್ ಎಸ್ ಆಕಾರಕ್ಕೆ ತಿರುಚಿಕೊಳ್ಳುವ ರೋಗ ಬೇರೆ. ಅದು ಬೇರೆಯೇ ಗಾಡಿ ಕಟ್ಟುವ ಕೆಲಸ, ಈ ಬರಹದ್ದಲ್ಲ.

ನಾನು ಕೊಡುವ ಸಲಹೆ ಸಪ್ಪೆ: ಮೂಲ ಎತ್ತರದ ಅಥವಾ ಎರಡು ಇಂಚು ಹೆಚ್ಚಿನ, ಪೂರ್ತಿ ಹೊಸ ಸ್ಪ್ರಿಂಗ್ ಕಟ್ಟು. ಬಾಗಿ ಕೂತಿದ್ದ ಹಳೆಯ ಸ್ಪ್ರಿಂಗ್ ತೆಗೆದು ಮೂಲ ಅಳತೆಯದನ್ನು ಹಾಕಿದರೇ ಎಷ್ಟೋ ಗಾಡಿಗಳು ಎದ್ದು ನಿಲ್ಲುತ್ತವೆ. ಜತೆಗೆ ಹೊಸ ಬುಷ್, ಹೊಸ ಯು ಬೋಲ್ಟ್. ಯು ಬೋಲ್ಟ್ ಒಮ್ಮೆ ಬಿಗಿಸಿದಾಗ ಹಿಗ್ಗಿರುತ್ತದೆ, ಅದನ್ನೇ ಮತ್ತೆ ಹಾಕಬಾರದು. ಕೆಲವು ದಿನ ಓಡಿಸಿ ಮತ್ತೊಮ್ಮೆ ಬಿಗಿಸಿ. ಬುಷ್ ರಬ್ಬರಿನದೋ ಪಾಲಿಯೂರಿಥೇನ್‌ನದೋ ಎಂದು ಕೇಳಿದರೆ: ರಬ್ಬರ್ ಮೆತ್ತಗೆ, ಸದ್ದಿಲ್ಲ. ಪಾಲಿ ಹೆಚ್ಚು ಬಾಳುತ್ತದೆ, ಕೈಯಲ್ಲೇ ತಳ್ಳಿ ಕೂರಿಸಬಹುದು, ಗ್ರೀಸ್ ಒಣಗಿದರೆ ಕಿರಿಕಿರಿ ಎನ್ನುತ್ತದೆ. ಪ್ರೆಸ್ ಇಲ್ಲದ ಮನೆಗೆ ಪಾಲಿ.

ಸಿಬಿ ಪಾಯಿಂಟೋ ಎಲೆಕ್ಟ್ರಾನಿಕ್ಕೋ, ಕಾರ್ಬುರೇಟರೋ ಇಂಜೆಕ್ಷನ್ನೋ

ಪೆಟ್ರೋಲ್ ಗಾಡಿಯವರ ಜಗಳ ಇದು, ಡೀಸೆಲ್‌ನವರು ಮುಂದಿನ ಭಾಗಕ್ಕೆ ಹೋಗಬಹುದು.

ಸ್ಪಾರ್ಕ್ ಪ್ಲಗ್‌ಗೆ ಕಿಡಿ ಬರಲು ಕರೆಂಟನ್ನು ಕಡಿದು ಕಡಿದು ಬಿಡುವ ಸಣ್ಣ ಸ್ವಿಚ್ಚೇ ಸಿಬಿ ಪಾಯಿಂಟ್. ಅದು ಸವೆಯುತ್ತದೆ, ಗ್ಯಾಪ್ ಬದಲಾಗುತ್ತದೆ, ಎಂಜಿನ್ ಒರಟಾಗುತ್ತದೆ. ಅದು ಹೇಳಿ ಕೆಡುತ್ತದೆ. ಉಗುರು ಉಜ್ಜುವ ಮರಳು ಕಾಗದ, ಸಂದು ಅಳೆಯುವ ಫೀಲರ್ ಗೇಜ್ ಇದ್ದರೆ ಕಾಡಿನಲ್ಲೂ ಸರಿ ಮಾಡಬಹುದು. ಎಲೆಕ್ಟ್ರಾನಿಕ್ ಮಾಡ್ಯೂಲ್‌ಗೆ ಸವೆತವಿಲ್ಲ, ಕಿಡಿ ಒಂದೇ ಸಮ, ಚಳಿಯಲ್ಲಿ ಬೇಗ ಹತ್ತುತ್ತದೆ. ಸಾಯುವಾಗ ಮಾತ್ರ ಒಂದು ಮಾತೂ ಹೇಳದೆ ಸಾಯುತ್ತದೆ. ಆದರೂ ನಾನು ಎಲೆಕ್ಟ್ರಾನಿಕ್ ಪರ, ಒಂದೇ ಕಾರಣಕ್ಕೆ: ಡಿಸ್ಟ್ರಿಬ್ಯೂಟರ್ ಒಳಗೇ ಕೂರುವ ಕಿಟ್ ಹಾಕಿದರೆ ಹಿಂದಕ್ಕೆ ಹೋಗುವ ದಾರಿ ತೆರೆದೇ ಇರುತ್ತದೆ. ಹಳೆಯ ಪಾಯಿಂಟ್, ಕಂಡೆನ್ಸರ್ ಎರಡನ್ನೂ ಪ್ಲೇಟ್ ಸಮೇತ ಒಂದು ಡಬ್ಬಿಯಲ್ಲಿಟ್ಟು ಸೀಟಿನ ಕೆಳಗೆ ಹಾಕಿದ್ದೇನೆ. ಒಮ್ಮೆ ಬೇಕಾಯಿತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಅರ್ಧ ಗಂಟೆಯಲ್ಲಿ ಬದಲಿಸಿ ಮನೆಗೆ ಬಂದೆ. ಕಿಟ್ ಕೊಳ್ಳುವ ಮೊದಲು ಗಾಡಿಯ ಅರ್ಥ್ ಯಾವುದೆಂದು, ಅಂದರೆ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ನೋಡಿ, 1960ರ ದಶಕದ ಕೆಲವು ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ. ಉಲ್ಟಾ ಕೊಟ್ಟರೆ ಮಾಡ್ಯೂಲ್ ಆ ಕ್ಷಣಕ್ಕೇ ಹೊಗೆ.

ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಇಂಜೆಕ್ಷನ್ ವಿಷಯ ಇಷ್ಟು ಸಲೀಸಲ್ಲ. ಕಡಿದಾದ ಏರಿನಲ್ಲಿ, ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ವಾಲಿ, ಒಂದೋ ಎಂಜಿನ್‌ಗೆ ಪೆಟ್ರೋಲ್ ಉಕ್ಕುತ್ತದೆ ಇಲ್ಲವೇ ಒಣಗುತ್ತದೆ. ಎತ್ತರದ ಬೆಟ್ಟ ಹತ್ತಿದರೆ ಗಾಳಿ ತೆಳುವಾಗಿ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ. ಇಂಜೆಕ್ಷನ್‌ಗೆ ಈ ಎರಡು ಕಾಯಿಲೆಯೂ ಇಲ್ಲ. ಬಾಲ ನೋಡಿ ಆದರೆ: ಕಾರ್ಬುರೇಟರ್‌ಗೆ ಮೂರರಿಂದ ಆರು ಪಿಎಸ್‌ಐ ಒತ್ತಡ ಸಾಕಿತ್ತು, ಈ ಕಿಟ್‌ಗಳಲ್ಲಿ ಹೆಚ್ಚಿನವಕ್ಕೆ 40 ದಾಟಿ ಬೇಕು. ಅಂದರೆ ಹೊಸ ಪಂಪ್, ಆ ಒತ್ತಡ ತಡೆಯುವ ಹೋಸ್, ಅನೇಕ ಕಿಟ್‌ಗಳಿಗೆ ವಾಪಸ್ ಪೈಪ್, ಸೈಲೆನ್ಸರ್ ಪೈಪಿಗೆ ಆಕ್ಸಿಜನ್ ಸೆನ್ಸರ್, ಒಳ್ಳೆಯ ಆಲ್ಟರ್ನೇಟರ್, ನಂಬಿಕೆಯ ವೈರಿಂಗ್. ಹಳೆಯ ಗಾಡಿಯಲ್ಲಿ ಕೊನೆಯದೇ ಅಪರೂಪ. ಟೇಪ್ ಸುತ್ತಿದ ವೈರುಗಳ ಮೇಲೆ ಇಂಜೆಕ್ಷನ್ ಕೂರಿಸುವವರು ತಿಂಗಳುಗಟ್ಟಲೆ ಭೂತ ಹುಡುಕುತ್ತಾರೆ.

ಹಾಗಾಗಿ ಮೊದಲು ಕಾರ್ಬುರೇಟರ್ ಬಿಚ್ಚಿ ತೊಳೆಯಿರಿ, ಗ್ಯಾಸ್ಕೆಟ್ ಕಿಟ್ ಹಾಕಿ, ಫ್ಲೋಟ್ ಮಟ್ಟ ಅಳೆಯಿರಿ. ಥ್ರಾಟಲ್ ಶಾಫ್ಟನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ. ಅಲ್ಲಿ ಆಟ ಇದ್ದರೆ ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ನಿಲ್ಲುವುದಿಲ್ಲ, ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಬುಷ್ ಹಾಕಿಸಬೇಕು ಅಥವಾ ಕಾರ್ಬುರೇಟರ್ ಬದಲಿಸಬೇಕು. ವರ್ಷಕ್ಕೆ ನಾಲ್ಕು ಸಲ ಬೆಟ್ಟ ಹತ್ತುವವರಿಗೆ ಸರಿಯಾದ ಕಾರ್ಬುರೇಟರ್ ಸಾಕು. ಬಂಡೆಗಳ ಮೇಲೆ ಗಂಟೆಗಟ್ಟಲೆ ವಾಲಿಕೊಂಡು ಹೋಗುವವರಿಗೆ ಇಂಜೆಕ್ಷನ್ ಬೇಕು, ವೈರಿಂಗ್ ಮೊದಲು ಹೊಸದಾದ ಮೇಲೆ.

ಬ್ರೇಕ್

ಡ್ರಮ್ ಬ್ರೇಕ್ ಕೆಟ್ಟದ್ದೇನಲ್ಲ, ತಿರುಗುವ ಡ್ರಮ್ಮೇ ಶೂ ಅನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಕಾಲಿಗೆ ಶ್ರಮ ಕಡಿಮೆ. ತೊಂದರೆ ನೀರಿನದು. ಹೊಳೆ ದಾಟಿದ ಮೇಲೆ ಡ್ರಮ್ ಒಳಗೆ ನೀರು, ಕೆಸರು ನಿಂತು ಒಂದಷ್ಟು ದೂರ ಬ್ರೇಕೇ ಇರುವುದಿಲ್ಲ, ಒಂದು ಪಕ್ಕ ಬೇಗ ಒಣಗಿದರೆ ಗಾಡಿ ಆ ಕಡೆ ಎಳೆಯುತ್ತದೆ. ಡಿಸ್ಕ್ ತಾನೇ ನೀರು ಕೊಡವಿಕೊಳ್ಳುತ್ತದೆ.

ಮುಂದೆ ಡಿಸ್ಕ್, ಹಿಂದೆ ಡ್ರಮ್. ಹೆಚ್ಚಿನ ಗಾಡಿಗಳಿಗೆ ಇದೇ ಹದ, ಹ್ಯಾಂಡ್‌ಬ್ರೇಕ್ ತಂಟೆಯೂ ಇಲ್ಲ. ಬರೀ ಕ್ಯಾಲಿಪರ್ (ಡಿಸ್ಕ್‌ಗೆ ಪ್ಯಾಡ್ ಒತ್ತುವ ಭಾಗ) ಕೂರಿಸಿ ಮುಗಿಸಬೇಡಿ. ಡಿಸ್ಕ್‌ಗೆ ಆ ಎಳೆದುಕೊಳ್ಳುವ ಗುಣ ಇಲ್ಲ, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಬೇಕು, ಅದಕ್ಕೆ ತಕ್ಕ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಸಿಲಿಂಡರ್) ಬೇಕು. ಹಳೆಯ ಮಾಸ್ಟರ್ ಸಿಲಿಂಡರ್‌ನಲ್ಲಿ ಡ್ರಮ್‌ಗೆಂದು ಹತ್ತು ಪಿಎಸ್‌ಐ ಹಿಡಿದಿಡುವ ವಾಲ್ವ್ ಇದ್ದರೆ ಡಿಸ್ಕ್ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆಗದಂತೆ ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವ ಪ್ರಪೋರ್ಷನಿಂಗ್ ವಾಲ್ವ್ ಸಹ ನೋಡಿಕೊಳ್ಳಿ.

ಬ್ರೇಕ್ ಆಯಿಲ್‌ನ ದರ್ಜೆಗಳಲ್ಲಿ ಡಾಟ್ 3, ಡಾಟ್ 4 ಒಂದೇ ಬಳಗ, ಡಾಟ್ 5 ಸಿಲಿಕೋನ್, ಅದನ್ನು ಇವೆರಡರ ಜತೆ ಬೆರೆಸುವಂತಿಲ್ಲ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಪೆಡಲ್ ಸ್ಪಂಜಿನಂತಾದರೆ ಡಿಸ್ಕ್ ಕೊಳ್ಳುವ ಮೊದಲು ಆಯಿಲ್ ಬದಲಿಸಿ. ಹಳೆಯ ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ಒರೆಸಿ.

ಡಿಫರೆನ್ಷಿಯಲ್ ಲಾಕ್, ವಿಂಚ್

ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಕಟ್ಟು ಡಿಫರೆನ್ಷಿಯಲ್. ಮಾಮೂಲಿಯದರಲ್ಲಿ ಗಾಳಿಯಲ್ಲಿ ತೇಲುವ ಚಕ್ರ ಗಿರಗಿರ ಸುತ್ತುತ್ತದೆ, ನೆಲ ಹಿಡಿದಿರುವ ಚಕ್ರ ಸುಮ್ಮನೆ ನಿಂತಿರುತ್ತದೆ. ಈ ಜಾರಿಕೆಗೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಸೌಮ್ಯ, ಒಳಗಿನ ಪ್ಲೇಟುಗಳು ಸವೆದಂತೆ ಮೆತ್ತಗಾಗುತ್ತದೆ, ಆಯಿಲ್‌ಗೆ ಬೇರೆ ಅಡಿಟಿವ್ ಬೇಕಾಗಬಹುದು. ಎರಡು ಚಕ್ರವನ್ನೂ ಒಟ್ಟಿಗೆ ತಿರುಗಿಸುವ ಆಟೋಮ್ಯಾಟಿಕ್ ಲಾಕರ್ ಗಟ್ಟಿ, ಮನೆಯಲ್ಲೇ ಹಾಕಬಹುದಾದ ಬಗೆಗಳೂ ಇವೆ. ಆದರೆ ತಿರುವಿನಲ್ಲಿ ಠಣ್ ಎಂದು ಬಿಡುತ್ತದೆ, ಜಾರುವ ರಸ್ತೆಯಲ್ಲಿ ಹೆದರಿಸುತ್ತದೆ. ಗಾಳಿಯಿಂದಲೋ ಕರೆಂಟಿನಿಂದಲೋ ಬೇಕಾದಾಗ ಹಾಕಿ ತೆಗೆಯುವ ಲಾಕರ್ ಎಲ್ಲಕ್ಕಿಂತ ಒಳ್ಳೆಯದು, ಎಲ್ಲಕ್ಕಿಂತ ದುಬಾರಿ. ಅದು ಕೆಟ್ಟರೆ ಹೆಚ್ಚಿನ ಸಲ ಮಾಮೂಲಿ ಡಿಫರೆನ್ಷಿಯಲ್ ಆಗಿ ಉಳಿಯುತ್ತದೆ, ಮನೆಗಂತೂ ಬರಬಹುದು. ಡಿಫರೆನ್ಷಿಯಲ್ ಒಳಗೆ ಬೆಸುಗೆ ಹಾಕಿಬಿಡುವವರಿದ್ದಾರೆ. ರಸ್ತೆಗಿಳಿಯುವ ಗಾಡಿಗೆ ಅದನ್ನು ಮಾಡಬೇಡಿ.

ಒಂದೇ ಲಾಕರ್‌ಗೆ ದುಡ್ಡಿದ್ದರೆ ಹಿಂದಕ್ಕೆ ಹಾಕಿ. ಲಾಕರೋ ವಿಂಚೋ ಎಂದರೆ, ಒಬ್ಬರೇ ಹೋಗುವವರು ವಿಂಚ್, ಗುಂಪಿನಲ್ಲಿ ಹೋಗುವವರು ಲಾಕರ್. ವಿಂಚ್‌ನ ಶಕ್ತಿ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟಾದರೂ ಇರಲಿ. ಪೆಟ್ಟಿಗೆ ಮೇಲೆ ಬರೆದ ಅಂಕಿ ಡ್ರಮ್ಮಿನ ಮೊದಲ ಸುತ್ತಿನದು, ಸುತ್ತು ಏರಿದಂತೆ ಎಳೆತ ಇಳಿಯುತ್ತದೆ. ಉಕ್ಕಿನ ಹಗ್ಗ ಬಂಡೆಗೆ ಉಜ್ಜಿದರೂ ತಡೆಯುತ್ತದೆ, ತುಂಡಾದರೆ ಕತ್ತಿಯಂತೆ ಬೀಸುತ್ತದೆ. ಸಿಂಥೆಟಿಕ್ ಹಗುರ, ತುಂಡಾದರೂ ಅಷ್ಟು ಅಪಾಯವಿಲ್ಲ, ಬಿಸಿಲು ಮತ್ತು ಬಂಡೆಯ ಅಂಚು ಅದರ ಶತ್ರು. ನನ್ನದು ಸಿಂಥೆಟಿಕ್.

ಬಿಡಿಭಾಗ

ಹಳೆಯ ಸ್ಟಾಕ್‌ನಲ್ಲಿ ಪ್ಯಾಕೆಟ್ ಒಡೆಯದ ಮೂಲ ಬಿಡಿಭಾಗ ಸಿಕ್ಕರೆ ಹಿಗ್ಗುವುದು ಸಹಜ. ಕಬ್ಬಿಣದ್ದಾದರೆ ಕಣ್ಣುಮುಚ್ಚಿ ಕೊಳ್ಳಿ. ಆಯಿಲ್ ಸೀಲ್, ಬ್ರೇಕ್ ಹೋಸ್, ವೀಲ್ ಸಿಲಿಂಡರ್ ಕಿಟ್ ಆದರೆ ಬೇಡ, ರಬ್ಬರ್ ಪ್ಯಾಕೆಟ್ ಒಳಗೇ ಮುದಿಯಾಗಿರುತ್ತದೆ. ಗುಜರಿಯಿಂದ ಹೌಸಿಂಗ್, ಬ್ರಾಕೆಟ್, ಗೇರ್‌ಬಾಕ್ಸ್ ತರಬಹುದು, ಸ್ಟೀರಿಂಗ್ ಜಾಯಿಂಟ್ ತರಬಾರದು. ಹಿತ್ತಾಳೆ ಸಿಂಕ್ರೊ (ಗೇರ್ ಸಲೀಸಾಗಿ ಬೀಳಲು ನೆರವಾಗುವ ಉಂಗುರ) ಇರುವ ಗೇರ್‌ಬಾಕ್ಸ್‌ಗೆ ಕೈಪಿಡಿ ಜಿಎಲ್-4 ದರ್ಜೆಯ ಆಯಿಲ್ ಎಂದಿದ್ದರೆ ಡಿಫರೆನ್ಷಿಯಲ್‌ನ ಜಿಎಲ್-5 ಸುರಿಯಬೇಡಿ.

ಬ್ರೀದರ್ ಪೈಪು

ಹೋಲಿಸಲು ಪ್ರತಿಸ್ಪರ್ಧಿಯೇ ಇಲ್ಲದ ಒಂದು ಕೆಲಸ ಉಳಿಯಿತು. ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ಹೊಳೆಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಕ್ಸಲ್ ಮೇಲಿನ ಬ್ರೀದರ್ (ಗಾಳಿಯಾಡುವ ಸಣ್ಣ ಕಿಂಡಿ) ಕೆಸರಿನಿಂದ ಕಟ್ಟಿಕೊಂಡಿದ್ದರೆ ಅದು ಆಯಿಲ್ ಸೀಲ್ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ, ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಅದರ ಮೂಲಕವೇ. ಡಿಫರೆನ್ಷಿಯಲ್‌ನ ಡ್ರೈನ್ ಬೋಲ್ಟು ಬಿಚ್ಚಿದಾಗ ಹಾಲು ಬೆರೆಸಿದ ಕಾಫಿಯಂಥದ್ದು ಸುರಿದರೆ ಅದು ಹೀಗೇ ಬಂದ ನೀರು. ಬ್ರೀದರ್ ತೆಗೆದು, ಅಲ್ಲಿಗೆ ಆಯಿಲ್ ತಡೆಯುವ ಹೋಸ್ ಸಿಕ್ಕಿಸಿ, ಎಂಜಿನ್ ಬೇ ಮೇಲ್ಭಾಗದವರೆಗೆ ಎಳೆದು, ತುದಿಗೆ ಸಣ್ಣ ಫಿಲ್ಟರ್ ಹಾಕಿ. ಆಕ್ಸಲ್ ಪೂರ್ತಿ ಕೆಳಗಿಳಿದಾಗಲೂ ಎಳೆಯದಷ್ಟು ಸಡಿಲ ಬಿಡಿ. ಎರಡು ಆಕ್ಸಲ್, ಗೇರ್‌ಬಾಕ್ಸ್, ಎರಡು ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಎಲ್ಲಕ್ಕೂ ಸೇರಿ ಒಂದು ಮಧ್ಯಾಹ್ನ ಸಾಕು.